ತೂಬಿನ ತಳದಲ್ಲಿ ಹಗ್ಗ ಹಿಡಿದವರು ಯಾರು?

ಇದು ಕಟ್ಟುಕಥೆ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಬಾಯಿ ತೆಗೆದು ತೋರಿಸುತ್ತೇನೆ. ಮುಂದಿನ ಎರಡು ಹಲ್ಲು ಇಲ್ಲ. ಅವು ಉದುರಿದ್ದು ಆ ರಾತ್ರಿಯೇ, ಆ ಕೆರೆ ಏರಿಯ ಮೇಲೆಯೇ, ಒಬ್ಬ ಒಳ್ಳೆಯ ಮನುಷ್ಯನ ಗುದ್ದಿಗೆ. ಕಥೆ ಕಟ್ಟುವುದಕ್ಕೆ ಅಂತ ಯಾರೂ ಹಲ್ಲು ಉದುರಿಸಿಕೊಳ್ಳುವುದಿಲ್ಲ, ಅಲ್ಲವೇ?

ಊರಿನ ಹೆಸರು ಹೇಳುವುದಿಲ್ಲ. ಚಿಂತಾಮಣಿಯಿಂದ ಶಿಡ್ಲಘಟ್ಟದ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುತ್ತದೆ. ಅಲ್ಲಿನ ಜನ ಇನ್ನೂ ಇದ್ದಾರೆ.

ದೆವ್ವ, ಭೂತ ಅಂದರೆ ನಾನು ಆಗ ಗಹಗಹಿಸಿ ನಗುತ್ತಿದ್ದೆ. ಚಿಂತಾಮಣಿಯಲ್ಲಿ ನನ್ನದೊಂದು ಕುಲುಮೆ, ಜೊತೆಗೆ ಪಂಪ್‌ಸೆಟ್ ರಿಪೇರಿ. ಊರೂರಿಗೂ ಆಗಷ್ಟೇ ಕರೆಂಟು ಬರುತ್ತಿದ್ದ ಕಾಲ. ಜನ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಿಟ್ಟು ಬಾವಿಗೆ ಮೋಟರು ಇಡಲು ಶುರು ಮಾಡಿದ್ದರು. ಇಟ್ಟ ಮೋಟರು ಬಾವಿಗೆ ಬೀಳುವುದೂ ಶುರುವಾಗಿತ್ತು. ಬಿದ್ದದ್ದನ್ನು ಎತ್ತಿಕೊಡುವುದು ನನ್ನ ಕಸುಬು.

ಬಿಂದಿಗೆ ಬಾವಿಗೆ ಬಿದ್ದರೆ ಮನೆಗಳಲ್ಲಿ ಪಾತಾಳಗರಡಿ ಬಿಡುತ್ತಾರಲ್ಲ, ಕೊಕ್ಕೆಗಳ ಗೊಂಚಲು, ಅದನ್ನೇ ನಾನು ಆಳೆತ್ತರ ಮಾಡಿಕೊಂಡಿದ್ದೆ. ನಾಲ್ಕು ಕಬ್ಬಿಣದ ಉಗುರು, ಎರಡು ಹಗ್ಗ. ಭಾರದ ಹಗ್ಗ ಕೈಯಿಂದ ತಿರುಗಿಸುವ ವಿಂಚಿಗೆ ಸುತ್ತಿಕೊಂಡಿರುತ್ತದೆ. ಇನ್ನೊಂದು ಬಾಯಿಯ ಹಗ್ಗ, ಅದು ನನ್ನ ಕೈಯಲ್ಲಿ. ಎಳೆದರೆ ಉಗುರು ಮುಚ್ಚಿಕೊಳ್ಳುತ್ತದೆ, ಬಿಟ್ಟರೆ ತೆರೆದುಕೊಳ್ಳುತ್ತದೆ. ನೀರಿನ ತಳದಲ್ಲಿ ನನಗೆ ಕಣ್ಣಿಲ್ಲ, ಅಂಗೈಯೇ ಕಣ್ಣು. ಹಗ್ಗ ನಡುಗುವ ರೀತಿಯಿಂದಲೇ ಕೆಳಗೆ ಸಿಕ್ಕಿದ್ದು ಕಲ್ಲೋ, ಮರವೋ, ಮೋಟರೋ ಅಂತ ಹೇಳಿಬಿಡುತ್ತಿದ್ದೆ.

ಈ ಕೆಲಸಕ್ಕೆ ಧೈರ್ಯಕ್ಕಿಂತ ಕಟ್ಟುನಿಟ್ಟು ಮುಖ್ಯ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಸುರುಳಿಯೊಳಗೆ ಕಾಲಿಡಬಾರದು. ವಿಂಚಿನ ಪಕ್ಕದಲ್ಲಿ ಹರಿತವಾದ ಮಚ್ಚು ಇರಲೇಬೇಕು. ಎಲ್ಲಕ್ಕಿಂತ ದೊಡ್ಡ ಮಾತು, ಕಬ್ಬಿಣ ನೀರಿನಲ್ಲಿರುವಾಗ ಮನುಷ್ಯ ನೀರಿನಲ್ಲಿರಬಾರದು. ಅದಕ್ಕೇ ಇಳಿಸುವ ಮೊದಲು ಮೂರು ಸಲ ಕೂಗುತ್ತಿದ್ದೆ. "ಕಬ್ಬಿಣ ಇಳೀತೈತೆ! ನೀರಲ್ಲಿರೋರು ಮೇಲಕ್ ಬನ್ನಿ!" ಖಾಲಿ ಬಾವಿಗೂ ಕೂಗುತ್ತಿದ್ದೆ.

"ಕಪ್ಪೆಗೂ ನೋಟೀಸ್ ಕೊಡ್ತೀಯಲ್ಲ ಬಾವಾ," ಅಂತ ಗಂಗುಲಪ್ಪ ರೇಗಿಸುತ್ತಿದ್ದ. ಅವನು ನನ್ನ ಬಾಮೈದ. ವಿಂಚು ತಿರುಗಿಸುವುದರಲ್ಲಿ ನನ್ನ ಜೊತೆಗಾರ.

ಆ ವರ್ಷ ಮದ್ರಾಸಿನ ಕಡೆಯಿಂದ ಎದ್ದ ಸೈಕ್ಲೋನು ನಮ್ಮ ಮೇಲೆ ಬಿದ್ದು ಎಡೆಬಿಡದೆ ಸುರಿಯಿತು. ಆ ಊರಿನ ಕೆರೆ ತುಂಬಿ, ಕೋಡಿ ಹರಿದರೂ ನೀರು ಏರುತ್ತಲೇ ಇತ್ತು. ಏರಿಯ ಮಣ್ಣು ಅಲ್ಲಲ್ಲಿ ಜಾರುತ್ತಿತ್ತು. ಉಳಿದ ದಾರಿ ಒಂದೇ, ತೂಬು ಬಿಚ್ಚುವುದು. ಆದರೆ ತೂಬಿನ ಬಾಯಿಯ ಮೇಲೆ ತೇಲಿಬಂದ ಹುಣಸೆ ದಿಮ್ಮಿಯೊಂದು ಮುಳುಗಿ ಅಡ್ಡ ಬಿದ್ದಿತ್ತು. ತೂಬಿನ ಬಾಯಿ ಮುಚ್ಚಿದ್ದ ಬಿರಡೆ ಅದರಡಿ ಸಿಕ್ಕಿಕೊಂಡಿತ್ತು. "ಗರಡಿ ತಗೊಂಡು ಈಗ್ಲೇ ಬರ್ಬೇಕಂತೆ" ಅಂತ ಪಟೇಲರ ಕಡೆಯಿಂದ ಆಳು ಓಡಿ ಬಂದ.

ಎತ್ತಿನ ಗಾಡಿಯಲ್ಲಿ ಕಬ್ಬಿಣ ಹೇರಿಕೊಂಡು ನಾವು ಏರಿ ಹತ್ತಿದಾಗ ದೀಪ ಹಚ್ಚುವ ಹೊತ್ತು. ಏರಿಯ ಕೆಳಗೆ ನೀರುಗಂಟಿಗಳ ಕೇರಿ, ಅದರಾಚೆ ಹಿಪ್ಪುನೇರಳೆ ತೋಟ. ಕೇರಿಯ ಹೆಂಗಸರು ಮಕ್ಕಳನ್ನು ಕಂಕುಳಲ್ಲೂ, ಗೂಡು ಕಟ್ಟುತ್ತಿದ್ದ ರೇಷ್ಮೆಹುಳುವಿನ ಬಿದಿರು ಚಂದ್ರಿಕೆಗಳನ್ನು ತಲೆಯ ಮೇಲೂ ಹೊತ್ತು ದಿಬ್ಬದ ಕಡೆ ಓಡುತ್ತಿದ್ದರು.

ಏರಿಯ ಮೇಲೆ ಕಂಡದ್ದು ಬೇರೆ.

ನಾಲ್ಕು ಜನ ಸೇರಿ ಒಬ್ಬನ ಜುಟ್ಟು ಹಿಡಿದು, ಕೈ ತಿರುಚಿ, ಏರಿಯ ಕಲ್ಲುಕಟ್ಟಣೆಯ ಮೇಲಿಂದ ನೀರಿಗೆ ಎಳೆಯುತ್ತಿದ್ದರು. ಅವನ ಹುಬ್ಬು ಒಡೆದು ಮುಖವೆಲ್ಲ ರಕ್ತ. ಹೆಂಗಸೊಬ್ಬಳು ಅವನ ಕಾಲು ತಬ್ಬಿ ಹಿಡಿದು ಕಲ್ಲಿನ ಮೇಲೆ ತಾನೂ ಉಜ್ಜಿಕೊಂಡು ಹೋಗುತ್ತಿದ್ದಳು.

ಅವನು ನೀರುಗಂಟಿ ಮುನಿಯಪ್ಪ. ಕೆರೆ ಕಾಯುವುದು, ತೂಬು ತೆಗೆಯುವುದು, ಮುಚ್ಚುವುದು ಅವನ ಮನೆತನದ ಕೆಲಸ, ಅದಕ್ಕೆ ಪ್ರತಿಯಾಗಿ ಬಿಟ್ಟಿದ್ದ ಹೊಲವೇ ಕೆರೆ ಮಾನ್ಯ. ಅವಳು ಅವನ ಹೆಂಡತಿ ಅಕ್ಕಯ್ಯಮ್ಮ.

"ಕೆರೆ ಮಾನ್ಯ ಉಣ್ಣೋವಾಗ ಬೇಕು, ಇಳಿಯೋವಾಗ ಬೇಡ್ವೇನ್ಲಾ?" ಅಂತ ಕೂಗುತ್ತಾ ಪಟೇಲರ ತಮ್ಮ ಅವನ ಬೆನ್ನಿಗೆ ಒದ್ದ.

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಗಾಡಿಯಿಂದ ದುಮುಕಿದವನೇ ಕೈಯಲ್ಲಿದ್ದ ಸ್ಪ್ಯಾನರಿನಿಂದ ಪಟೇಲರ ತಮ್ಮನ ಮಣಿಕಟ್ಟಿಗೆ ಬಿಟ್ಟೆ. ಅವನು ಚೀರಿ ಕುಸಿದ. ಉಳಿದವರು ನನ್ನ ಮೇಲೆ ಬಿದ್ದರು. ಗಂಗುಲಪ್ಪ ಗಾಡಿಯ ಗೂಟ ಕಿತ್ತುಕೊಂಡು ಬಂದ. ಏಟಿಗೆ ಏಟು, ಕೆಸರಿನಲ್ಲಿ ಹೊರಳಾಟ. ಪಟೇಲರು ಬಂದು ಅಬ್ಬರಿಸದಿದ್ದರೆ ಅಲ್ಲೇ ಒಂದು ಹೆಣ ಬೀಳುತ್ತಿತ್ತು.

"ನಿನ್ ಕಬ್ಬಿಣ ಆ ಬಿರಡೆ ಎತ್ತುತ್ತಾ?" ಅಂದರು ಪಟೇಲರು.

"ಎತ್ತುತ್ತೆ."

"ಎತ್ತಲಿಲ್ಲಾಂದ್ರೆ ಅವನೇ ಇಳೀಬೇಕು. ಊರು ಮುಳುಗ್ಸಕ್ಕಾಗಲ್ಲ ನಂಗೆ."

ಅಕ್ಕಯ್ಯಮ್ಮ ನನ್ನ ಕಾಲಿಗೆ ಬಿದ್ದಳು. ಮೊಣಕೈ ಚರ್ಮ ಸುಲಿದುಹೋಗಿತ್ತು. "ಅಣ್ಣಾ, ನಮ್ಮ ಮಾವನ್ನ ಇದೇ ತೂಬು ನುಂಗ್ತು. ಹೆಣಾನೂ ಸಿಗ್ಲಿಲ್ಲ. ಇವನ್ನ ಇಳ್ಸಬೇಡಣ್ಣ... ನಿನ್ ದಮ್ಮಯ್ಯ."

"ಏಳಮ್ಮ. ಕಬ್ಬಿಣ ಇಳಿಯುತ್ತೆ, ಮನುಷ್ಯ ಇಳಿಯಲ್ಲ," ಅಂದೆ. ಮಾತು ಕೊಟ್ಟುಬಿಟ್ಟೆ.

ಏರಿಯಿಂದ ತೂಬಿನ ಕಲ್ಲುಕಂಬದವರೆಗೆ ಉದ್ದನೆಯ ಹಾಸುಗಲ್ಲು. ಅದರ ತುದಿಯಲ್ಲಿ ಮೂರು ಕಾಲಿನ ಬೊಂಬು ನಿಲ್ಲಿಸಿ ರಾಟೆ ಕಟ್ಟಿದೆವು. ವಿಂಚನ್ನು ಏರಿಯ ಮೇಲೆ ಹುಣಸೆಮರದ ಬುಡಕ್ಕೆ ಬಿಗಿದೆವು. ಅಷ್ಟರಲ್ಲಿ ಪೂರ್ತಿ ಕತ್ತಲಾಯಿತು. ಎರಡು ಪೆಟ್ರೋಮ್ಯಾಕ್ಸ್ ಬುಸುಗುಡುತ್ತಿದ್ದವು. ಸೀಮೆಎಣ್ಣೆ ವಾಸನೆ, ಒದ್ದೆ ಗೋಣಿಯ ವಾಸನೆ. ನೀರು ಕಲ್ಲಿಗೆ ಅಪ್ಪಳಿಸಿದಾಗಲೆಲ್ಲ ಹಾಸುಗಲ್ಲು ಕಾಲಡಿಯಲ್ಲಿ ನಡುಗುತ್ತಿತ್ತು.

ಮುನಿಯಪ್ಪ ರಕ್ತ ಒರೆಸಿಕೊಂಡು ನನ್ನ ಪಕ್ಕ ನಿಂತ. ಬಿರಡೆ ಎಲ್ಲಿದೆ, ಯಾವ ಕಡೆ ಕಲ್ಲಿದೆ ಅನ್ನುವುದು ಅವನಿಗೆ ಮಾತ್ರ ಗೊತ್ತು.

ಮೂರು ಸಲ ಕೂಗಿದೆ. "ಕಬ್ಬಿಣ ಇಳೀತೈತೆ! ನೀರಲ್ಲಿರೋರು ಮೇಲಕ್ ಬನ್ನಿ!"

ಮೂರನೆಯ ಸಲ ಕೂಗಿದಾಗ... ಕೆರೆಯ ಕಪ್ಪೆಗಳೆಲ್ಲ ಒಟ್ಟಿಗೆ ಸುಮ್ಮನಾದವು.

ಗರಡಿ ಇಳಿಯಿತು. ತಳ ಮುಟ್ಟಿತು. ಬಾಯಿಯ ಹಗ್ಗ ಎಳೆದೆ. ಉಗುರು ದಿಮ್ಮಿಯನ್ನು ಕಚ್ಚಿದ್ದು ಅಂಗೈಗೆ ಗೊತ್ತಾಯಿತು. "ಎಳಿ!" ಅಂದೆ. ವಿಂಚು ಕಿರುಗುಟ್ಟಿತು, ಬೊಂಬು ಬಾಗಿತು. ದಿಮ್ಮಿ ಒಂದಿಷ್ಟು ಎದ್ದು ಜಾರಿತು. ಮತ್ತೆ ಇಳಿಸಿದೆವು. ಮತ್ತೆ ಜಾರಿತು.

ಮೂರನೆಯ ಸಲ ಇಳಿಸಿ ಬಾಯಿಯ ಹಗ್ಗವನ್ನು ಸಡಿಲವಾಗಿ ಹಿಡಿದು ನಿಂತಿದ್ದೆ.

ಕೆಳಗಿನಿಂದ ಯಾರೋ ಜಗ್ಗಿದರು.

ಸಣ್ಣದಾಗಿ ಎರಡು ಸಲ. ಸ್ವಲ್ಪ ತಡೆದು, ಉದ್ದಕ್ಕೆ ಒಂದು ಸಲ.

ಮೀನು ಜಗ್ಗಿದರೆ ಹೇಗಿರುತ್ತದೆ, ಸುಳಿ ಜಗ್ಗಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಇದು ಕೈ. ಬೆರಳಿರುವ ಕೈ. "ನಿಲ್ಸೋ ಗಂಗುಲು! ನೀರಲ್ಲಿ ಯಾರೋ ಅವ್ರೆ!" ಅಂತ ಅರಚಿದೆ.

ಪೆಟ್ರೋಮ್ಯಾಕ್ಸ್ ಎತ್ತಿ ಹಿಡಿದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದರು. ಎಲ್ಲರೂ ಓಗೊಟ್ಟರು. ಏರಿಯ ಮೇಲಿದ್ದವರೆಲ್ಲ ಏರಿಯ ಮೇಲೇ ಇದ್ದರು.

ಮತ್ತೆ... ಎರಡು ಸಣ್ಣದು, ಒಂದು ಉದ್ದ.

ಪಟೇಲರ ತಮ್ಮನಿಗೆ ತಾಳ್ಮೆ ಕೆಟ್ಟಿತು. "ಇವನ ನಾಟ್ಕ ಸಾಕು, ತಿರುಗ್ಸ್ರಲೇ!" ಅನ್ನುತ್ತಾ ಗಂಗುಲಪ್ಪನನ್ನು ಪಕ್ಕಕ್ಕೆ ನೂಕಿ, ನೆಟ್ಟಗಿದ್ದ ಒಂದೇ ಕೈಯಲ್ಲಿ ವಿಂಚಿನ ಹಿಡಿಗೆ ಬಿದ್ದ. ಒಂದು ಸುತ್ತು ತಿರುಗಿಸಿರಬೇಕು. ಕೆಳಗಿನಿಂದ ಭಾರದ ಹಗ್ಗವನ್ನು ಯಾರೋ ಸೆಟೆದು ಎಳೆದ ಹಾಗೆ ಹಿಡಿ ಉಲ್ಟಾ ತಿರುಗಿ ಅವನ ದವಡೆಗೆ ಬಡಿಯಿತು. ಹಸಿ ಕಟ್ಟಿಗೆ ಮುರಿದ ಸದ್ದು. ಅವನು ಅಂಗಾತ ಬಿದ್ದ, ಬಾಯಿಯಿಂದ ರಕ್ತ ಬುಳುಬುಳು ಬರುತ್ತಿತ್ತು. ಆಮೇಲೆ ಯಾರೂ ವಿಂಚಿನ ಹತ್ತಿರ ಸುಳಿಯಲಿಲ್ಲ.

ಗಂಗುಲಪ್ಪನಿಗೆ ಹೆದರಿಕೆಯಾದರೆ ಮನೆಮಾತು ತೆಲುಗೇ ಬರುತ್ತದೆ. "ವದ್ದು ಬಾವಾ... ವದ್ದು... ಪೋದಾಂ ಪಾ," ಅಂದ. ಬೇಡ, ಹೋಗೋಣ ನಡಿ ಅಂತ.

ಆಗ ಮುನಿಯಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ.

"ಅಣ್ಣಾ... ಅದು ನಮ್ಮನೇದು."

"ಏನು ನಿಮ್ಮನೇದು?"

"ಆ ಜಗ್ಗೋದು. ನಮ್ಮಪ್ಪ ಸೊಂಟಕ್ ಹಗ್ಗ ಕಟ್ಕೊಂಡು ಮುಳುಗ್ತಿದ್ದ. ಮೇಲೆ ಹಗ್ಗ ನಾನ್ ಹಿಡೀತಿದ್ದೆ. ಎರಡು ಸಣ್ಣದು, ಒಂದು ಉದ್ದ ಅಂದ್ರೆ, ಬಿರಡೆ ಕೈಗೆ ಸಿಕ್ತು, ಎಳೀರಿ ಅಂತ. ನಮ್ಮಿಬ್ರಿಗ್ ಬಿಟ್ರೆ ಇನ್ಯಾರ್ಗೂ ಗೊತ್ತಿಲ್ಲ ಕಣಣ್ಣ."

ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಕಬ್ಬಿಣ ನೀರಲ್ಲಿರುವಾಗ ಮನುಷ್ಯ ನೀರಲ್ಲಿದ್ದರೆ ಎಳೆಯಬಾರದು. ನಾನೇ ಮಾಡಿಕೊಂಡ ಕಟ್ಟಳೆ. ಆದರೆ ಅಲ್ಲಿರುವುದು ಮನುಷ್ಯನಾ? ಅಷ್ಟರಲ್ಲಿ ಏರಿಯ ಆ ತುದಿಯಲ್ಲಿ ಗಾಡಿಯಷ್ಟು ಅಗಲದ ಮಣ್ಣು ಧೊಪ್ಪನೆ ಕುಸಿಯಿತು. ಕೆಳಗೆ ಕೇರಿಯಲ್ಲಿ ಹೆಂಗಸರು ಕಿರುಚಿಕೊಂಡರು. ಪಟೇಲರು ಮುನಿಯಪ್ಪನ ರಟ್ಟೆಗೆ ಕೈ ಹಾಕಿ, "ಸಾಕಿನ್ನು, ನೀನೇ ಇಳಿ," ಅಂದರು. ಅಕ್ಕಯ್ಯಮ್ಮ ಗಂಡನ ಸೊಂಟ ತಬ್ಬಿ ನಿಂತಳು.

"ಎಳೀರಿ!" ಅಂದೆ. ನಾನೇ ಓಡಿ ಹೋಗಿ ಹಿಡಿಗೆ ಕೈ ಹಾಕಿದೆ. ಗಂಗುಲಪ್ಪ ಅಳುತ್ತಲೇ ಇನ್ನೊಂದು ಹಿಡಿ ಹಿಡಿದ. ಬಾಯಿಯ ಹಗ್ಗವನ್ನು ಮುನಿಯಪ್ಪ ಹಿಡಿದುಕೊಂಡ.

ಏನು ಹೇಳಲಿ... ಅಷ್ಟು ಹೊತ್ತು ಅಲುಗದ ಭಾರ ಹಗುರಾಗಿ ಬಂತು. ಕೆಳಗೆ ಯಾರೋ ಹೆಗಲು ಕೊಟ್ಟು ಎತ್ತಿಕೊಡುತ್ತಿದ್ದಾರೆ ಅನ್ನುವ ಹಾಗೆ. ಒಮ್ಮೆಗೇ ತಳದಲ್ಲಿ ಗುಡುಗಿದಂತಾಯಿತು. ದಿಮ್ಮಿಯ ಜೊತೆ ಬಿರಡೆಯೂ ಕಿತ್ತುಬಂದಿತ್ತು. ಏರಿಯ ಆ ಕಡೆ ಕಾಲುವೆಗೆ ನೀರು ಆರ್ಭಟಿಸಿ ನುಗ್ಗಿತು. ಜನ ಹೋ ಅಂತ ಕೂಗಿದರು. ಕೆಲವರು ಅತ್ತರು. ಅಕ್ಕಯ್ಯಮ್ಮ ನನ್ನ ಕಡೆ ನೋಡಿ ಕೈಮುಗಿದಳು.

"ಅಣ್ಣಾ!"

ಮುನಿಯಪ್ಪ ಕೂಗಿದ ರೀತಿಗೆ ನಾನು ವಿಂಚು ತಿರುಗದಂತೆ ಕೀಲು ಹಾಕಿ ಹಾಸುಗಲ್ಲಿನ ಮೇಲೆ ಓಡಿದೆ.

ಬಾಯಿಯ ಹಗ್ಗ ಅವನ ಕೈಯಲ್ಲಿ ತಂತಿಯಷ್ಟು ಬಿಗಿಯಾಗಿತ್ತು. ಈ ಸಲ ಸಣ್ಣದಿಲ್ಲ. ಬರೀ ಉದ್ದದ ಎಳೆತ. ಬಿಡುತ್ತದೆ, ಮತ್ತೆ ಎಳೆಯುತ್ತದೆ.

"ಇದೇನು?" ಅಂದೆ.

"ನನ್ ಮೇಲಕ್ಕೆ ಎಳ್ಕೋ ಅಂತ..." ಮುನಿಯಪ್ಪ ಕಾಲೂರಿ ಹಿಂದಕ್ಕೆ ಜಗ್ಗಿದ. "ಅವತ್ತೂ ಹಿಂಗೇ ಜಗ್ದ. ಎಳ್ದೆ ಎಳ್ದೆ... ಬರೀ ಹಗ್ಗ ಬಂತಣ್ಣ. ಇವತ್ತು ಬಿಡಲ್ಲ. ಅಪ್ಪಾ! ಬರ್ತೀನಿ ಇರಪ್ಪಾ!"

ನಾನು "ಬೇಡ" ಅನ್ನುವಷ್ಟರಲ್ಲಿ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡುಬಿಟ್ಟ.

ಅದಕ್ಕೇ ಕಾದಿದ್ದ ಹಾಗೆ ಹಗ್ಗ ಸೆಳೆಯಿತು. ಮುನಿಯಪ್ಪ ಬೋರಲು ಬಿದ್ದ. ಹಾಸುಗಲ್ಲಿನ ಮೇಲೆ ಎದೆ ಉಜ್ಜುತ್ತಾ ನೀರಿನ ಕಡೆ ಹೊರಟ. ಮೂರು ಕಾಲಿನ ಬೊಂಬಿಗೆ ತಲೆ ಬಡಿದು ಬೊಂಬು ಕಳಚಿ ನೀರಿಗೆ ಬಿತ್ತು. ಅಕ್ಕಯ್ಯಮ್ಮ ಹಿಂದಿನಿಂದ ಅವನ ಕಾಲಿನ ಮೇಲೆ ಬಿದ್ದಳು. ಇಬ್ಬರನ್ನೂ ಸೇರಿಸಿ ಎಳೆಯುತ್ತಿತ್ತು. ಅವನ ತೋಳು ಭುಜದ ಹತ್ತಿರ ಕಟಕ್ ಅಂದದ್ದು ನನಗೆ ಕೇಳಿಸಿತು.

ಗಂಗುಲಪ್ಪ ಮಚ್ಚು ಎಸೆದ. ಹಿಡಿದವನೇ ಹಗ್ಗಕ್ಕೆ ಬೀಸಿದೆ. ಒಂದೇ ಏಟಿಗೆ ಆಗಲಿಲ್ಲ, ಒದ್ದೆ ಸಣಬು. ಎರಡನೆಯ ಏಟು ಕಲ್ಲಿಗೆ ಬಿದ್ದು ಕಿಡಿ ಹಾರಿತು. ಆಗ ನೀರಿನಿಂದ ಒಂದು ವಾಸನೆ ಎದ್ದಿತು. ಎಷ್ಟೋ ವರ್ಷ ಮುಚ್ಚಿಟ್ಟ ಕೆಸರು, ಅದರ ಜೊತೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕಿಕೊಂಡವರ ಬಾಯಿಯ ವಾಸನೆ, ಮುಖದ ಮೇಲೇ ಉಸಿರು ಬಿಟ್ಟಷ್ಟು ಹತ್ತಿರ. ನಾನು ಕಣ್ಣು ಮುಚ್ಚಿಕೊಂಡು ಮತ್ತೆ ಬೀಸಿದೆ.

ಹಗ್ಗ ತುಂಡಾಯಿತು.

ಮುನಿಯಪ್ಪ ಎದ್ದ. ಒಂದು ತೋಳು ಜೋತಾಡುತ್ತಿತ್ತು. ಇನ್ನೊಂದರಲ್ಲಿ ನನ್ನ ಬಾಯಿಗೆ ಗುದ್ದಿದ. ಮತ್ತೆ ಗುದ್ದಿದ. "ನಮ್ಮಪ್ಪನ್ನ ಕೊಯ್ದ್‌ಬಿಟ್ಯಲ್ಲೋ! ಕೈಗ್ ಸಿಕ್ಕಿದ್ದ ಕಣೋ!" ಅಂತ ಎದೆ ಒಡೆದು ಹೋಗುವ ಹಾಗೆ ಅಳುತ್ತಿದ್ದ. ನಾನು ತಿರುಗಿ ಹೊಡೆಯಲಿಲ್ಲ. ಅವನು ಹೊಡೆಯಲು ಬದುಕಿದ್ದಾನಲ್ಲ ಅನ್ನುವುದೇ ನನಗೆ ಸಾಕಾಗಿತ್ತು.

ಕೆರೆ ನೀರು ಇಳಿದ ಮೇಲೆ ಗರಡಿ ತರಲು ಹಗಲಿನಲ್ಲೇ ಹೋದೆವು. ಭಾರದ ಹಗ್ಗ ಅದಕ್ಕೆ ಕಟ್ಟಿದ ಹಾಗೇ ಇತ್ತು. ಬಾಯಿಯ ಹಗ್ಗ ಕಟ್ಟುವ ಬಳೆ ಮಾತ್ರ ಕಿತ್ತುಹೋಗಿತ್ತು. ಬಳೆ ಸಿಕ್ಕಿದ್ದು ದಿಮ್ಮಿಯಡಿಯಲ್ಲಿ, ಗರಡಿ ಮೊದಲ ಸಲ ಕಚ್ಚಿದ ಜಾಗದಲ್ಲಿ. ಅದರಲ್ಲಿ ಹಗ್ಗದ ಎಳೆಯೂ ಇರಲಿಲ್ಲ. ಅಂದರೆ ಆ ಮೊದಲ ಸಲವೇ ಹಗ್ಗ ಕಬ್ಬಿಣದಿಂದ ಬಿಟ್ಟಿತ್ತು, ಆಮೇಲೆ ನಾನು ಹಿಡಿದು ನಿಂತ ಹಗ್ಗದ ಇನ್ನೊಂದು ತುದಿ...

ಸರ್ಕಾರದ ಓವರ್‌ಸಿಯರ್ ಒಬ್ಬರು ಬಂದು ನೋಡಿ, ತೂಬಿನ ಸೆಳೆತಕ್ಕೆ ಹಗ್ಗ ಸಿಕ್ಕಿರಬೇಕು ಅಂದರು. ಮನುಷ್ಯನನ್ನು ಸೆಳೆದದ್ದಕ್ಕೆ ಆ ಮಾತು ಸರಿ, ಒಪ್ಪುತ್ತೇನೆ. ಆದರೆ ಬಿರಡೆ ಕಿತ್ತುಬರುವ ಮೊದಲು ತೂಬಿನಲ್ಲಿ ಸೆಳೆತವೇ ಇರಲಿಲ್ಲವಲ್ಲ ಸ್ವಾಮಿ, ಆಗ ಎರಡು ಸಣ್ಣದು, ಒಂದು ಉದ್ದ ಜಗ್ಗಿದ್ದು ಯಾರು? ಅವರು ಛತ್ರಿ ಬಿಚ್ಚಿಕೊಂಡು ಜೀಪು ಹತ್ತಿದರು.

ಮುನಿಯಪ್ಪ ಹೇಳುತ್ತಿದ್ದದ್ದು, ಅಪ್ಪ ಮಗನನ್ನು ನೀರಿಗಿಳಿಯಲು ಬಿಡಬಾರದು ಅಂತ ತಾನೇ ಬಿರಡೆ ಎತ್ತಿಕೊಟ್ಟ. ಅಕ್ಕಯ್ಯಮ್ಮ ಹೇಳುತ್ತಿದ್ದದ್ದು, ಮಾವ ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದ. ಎರಡು ಎಳೆತವನ್ನೂ ನೋಡಿದವನು ನಾನು. ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೆಯ ವರ್ಷ ಕೆರೆ ಮತ್ತೆ ತುಂಬಿತು. ಒಂದು ಬೆಳಿಗ್ಗೆ ಅಕ್ಕಯ್ಯಮ್ಮ ಬರಿಗಾಲಲ್ಲಿ ಕುಲುಮೆಯ ಮುಂದೆ ಬಂದು ನಿಂತಳು. "ಅಣ್ಣಾ, ಹಗ್ಗ ತಗೊಂಡು ತೂಬಿನ ಹತ್ರ ಹೋಗವ್ನೆ. ಒಬ್ನೇ."

ಸೈಕಲ್ ತುಳಿದುಕೊಂಡು ಹೋದೆ. ಬಿಸಿಲು ಚೆನ್ನಾಗಿತ್ತು. ಕೆರೆ ಶಾಂತವಾಗಿತ್ತು, ತೂಬು ಮುಚ್ಚಿತ್ತು. ಮುನಿಯಪ್ಪ ಹಾಸುಗಲ್ಲಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ತೆಂಗಿನ ನಾರಿನ ಹಗ್ಗದ ಒಂದು ತುದಿ ಅವನ ಸೊಂಟದಲ್ಲಿ. ಇನ್ನೊಂದು ತುದಿ ನೀರಿನೊಳಗೆ. ನನ್ನನ್ನು ಕಂಡು ಅವನು ನಕ್ಕ, ಒಂದು ವರ್ಷದಲ್ಲಿ ಮೊದಲ ಸಲ.

"ಬಾಣ್ಣ. ಹಿಡ್ದು ನೋಡು," ಅಂದ.

ನಾನು ಹಿಡಿಯಲಿಲ್ಲ. ಅವನ ಸೊಂಟದ ಹತ್ತಿರವೇ ಚಾಕು ಹಾಕಿ ಕೊಯ್ದೆ. ಅವನು ತಡೆಯಲಿಲ್ಲ. ನೀರನ್ನು ನೋಡುತ್ತಾ ಕೂತಿದ್ದ.

ತೆಂಗಿನ ನಾರು ನೀರಿನಲ್ಲಿ ತೇಲುತ್ತದೆ. ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ. ಕೊಯ್ದ ಹಗ್ಗ ತೇಲಲಿಲ್ಲ. ಕಲ್ಲಿನ ಮೇಲಿಂದ ಸರಸರನೆ ಸರಿದು, ನೆಟ್ಟಗೆ, ಅವಸರವಿಲ್ಲದೆ ಒಳಗೆ ಹೋಯಿತು. ಯಾರೋ ಕೂತು ಸುತ್ತಿಕೊಳ್ಳುತ್ತಿದ್ದ ಹಾಗೆ.

ಆ ವಾರವೇ ಅಕ್ಕಯ್ಯಮ್ಮ ಗಂಡನನ್ನು ಗೌರಿಬಿದನೂರಿನ ಕಡೆ ತನ್ನ ತವರಿಗೆ ಕರೆದುಕೊಂಡು ಹೋದಳು. ಮಾನ್ಯದ ಹೊಲ ಬಿಟ್ಟರು, ನೀರುಗಂಟಿ ಕೆಲಸ ಬಿಟ್ಟರು. ಅವನು ಬದುಕಿದ್ದಾನೆ, ಮೊಮ್ಮಕ್ಕಳನ್ನೂ ಕಂಡ. ರಾತ್ರಿ ಹೊತ್ತು ನಿದ್ದೆಯಲ್ಲಿ ಸೊಂಟ ತಡವಿಕೊಳ್ಳುತ್ತಾನಂತೆ.

ಸಂತೆಯಲ್ಲೋ ಮದುವೆ ಮನೆಯಲ್ಲೋ ಸಿಕ್ಕಾಗ ಅಕ್ಕಯ್ಯಮ್ಮ ನನ್ನನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ ಅದೇ ಮಾತು ಕೇಳುತ್ತಾಳೆ. "ಅಣ್ಣಾ, ಪೂರ್ತಿ ಕೊಯ್ದೆ ತಾನೆ? ಒಂದೆಳೇನೂ ಉಳೀಲಿಲ್ಲ ತಾನೆ?"

"ಉಳೀಲಿಲ್ಲಮ್ಮ," ಅನ್ನುತ್ತೇನೆ.

ಅವಳು ತಲೆಯಾಡಿಸಿ, ಹಿಂತಿರುಗಿ, ಅವನ ಕೈ ಹಿಡಿದುಕೊಂಡು ನಿಲ್ಲುತ್ತಾಳೆ.